ಕೊಂಬಿನ ಹಿಡಿ, ಹುಣಸೆಯ ಹಿಡಿ

ಚಾಕು ಕೊಳ್ಳಲು ಬಂದವರೆಲ್ಲ ಮೊದಲು ಅಲಗು ನೋಡುತ್ತಾರೆ. ಹೆಬ್ಬೆರಳ ಉಗುರಿನ ಮೇಲೆ ಎಳೆದು ಹರಿತ ನೋಡುತ್ತಾರೆ, ಬೆಳಕಿಗೆ ಹಿಡಿದು ನೇರ ಇದೆಯೋ ಇಲ್ಲವೋ ನೋಡುತ್ತಾರೆ, ಸ್ಟೀಲ್ ಯಾವುದು ಎಂದು ಕೇಳುತ್ತಾರೆ. ಹಿಡಿ ಯಾವ ಮರದ್ದು ಎಂದು ಕೇಳುವವರು ಅಪರೂಪ. ಅದನ್ನು ಹಾಕಿದವರು ಯಾರು ಎಂದು ಕೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಕೆಲಸ ಮಾಡಿದೆ. ಈಗ ಬಿಟ್ಟಿದ್ದೇನೆ. ಕೆ.ಆರ್. ಪುರದ ಹತ್ತಿರ ನಮ್ಮೂರಿನಲ್ಲಿ, ಅಂದರೆ ಹಿಂದೆ ಊರು ಇದ್ದ ಜಾಗದಲ್ಲಿ, ಮನೆಯಲ್ಲೇ ಇರುತ್ತೇನೆ.

ಲಿಂಗರಾಜಪುರದಲ್ಲಿ ಇಬ್ಬರು ಹುಡುಗಿಯರು ಶೆಡ್ ಹಾಕಿಕೊಂಡು ಕೈಯಲ್ಲೇ ಚಾಕು ಮಾಡುವ ಕೆಲಸ ಶುರು ಮಾಡಿದ್ದಾರೆ. ಯಾರೋ ನನ್ನ ಹೆಸರು ಹೇಳಿದರಂತೆ, ಒಂದು ಭಾನುವಾರ ಹುಡುಕಿಕೊಂಡು ಬಂದರು. "ಅಂಕಲ್, ಯಾವ ಚಾಕುಗೆ ಯಾವ ಹಿಡಿ ಅಂತ ಒಂದು ಲಿಸ್ಟ್ ಬರ್ಕೊಡ್ತೀರಾ?" ಎಂದರು. ಬರೆಯಲು ಕೂತೆ. ಅರ್ಧ ಪುಟ ಬರೆದು ಹರಿದು ಹಾಕಿದೆ. ಆ ಲಿಸ್ಟ್ ನನಗೆ ಬಾಯಿಪಾಠ ಇದ್ದಾಗಲೇ ನನ್ನ ಕೆಲಸದಿಂದ ಒಬ್ಬ ಹೆಂಗಸಿನ ಬಲಗೈ ಕೆಟ್ಟಿತು. ಹಾಗಾಗಿ ಆ ಕೈಯ ವಿಷಯವನ್ನೇ ಬರೆಯುತ್ತೇನೆ. ಲಿಸ್ಟಿನಲ್ಲಿ ಇರಬೇಕಾದದ್ದು ನಡುನಡುವೆ ಸಿಕ್ಕಷ್ಟು ಸಿಗಲಿ.

ನಮ್ಮ ಯಜಮಾನರು ಖಾದರ್ ಸಾಹೇಬರು. ಅಂಗಡಿಯ ಹಿಂಭಾಗದಲ್ಲಿ ಕುಲುಮೆ, ಮುಂಭಾಗದಲ್ಲಿ ನನ್ನ ಮಣೆ. ಕುಲುಮೆಯವರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಅಲಗು ಮಾಡುತ್ತಿದ್ದರು, ನಾನು ಹಿಡಿ ಹಾಕುತ್ತಿದ್ದೆ. ಅಲಗಿನ ಹಿಂದೆ ಹಿಡಿಯೊಳಗೆ ಹೋಗುವ ಸಣ್ಣ ಕಬ್ಬಿಣಕ್ಕೆ ನಾವು ಬಾಲ ಎನ್ನುತ್ತಿದ್ದೆವು. ಮರಕ್ಕೆ ತೂತು ಕೊರೆದು, ಬಾಲವನ್ನು ಕೆಂಪಗೆ ಕಾಯಿಸಿ ಅದರೊಳಗೆ ಒತ್ತಿ, ಅದು ತಾನೇ ಸುಟ್ಟುಕೊಂಡು ಮಾಡಿಕೊಂಡ ಜಾಗಕ್ಕೆ ಅರಗು ಮತ್ತು ಇಟ್ಟಿಗೆ ಪುಡಿ ಸೇರಿಸಿ ಕರಗಿಸಿ ಹಾಕಿದರೆ ಮುಗಿಯಿತು. ಕೆಲಸ ಸುಲಭವಾಗಿ ಕಾಣುತ್ತದೆ. ಬಾಲ ಒಂದು ಎಳೆಯಷ್ಟು ವಾರೆಯಾಗಿ ಹೋದರೆ ಆ ಚಾಕು ಜೀವಮಾನವಿಡೀ ವಾರೆಯಾಗಿಯೇ ಕೊಯ್ಯುತ್ತದೆ.

ಸಾಹೇಬರದ್ದು ಒಂದು ಪದ್ಧತಿ ಇತ್ತು. ತಯಾರಾದ ಪ್ರತಿ ಚಾಕುವನ್ನೂ ಗಿರಾಕಿಗೆ ಕೊಡುವ ಮುಂಚೆ ಪಕ್ಕದ ಬಕೆಟ್ಟಿನಲ್ಲಿ ಕೈ ಅದ್ದಿ, ಒದ್ದೆ ಕೈಯಲ್ಲಿ ಹಿಡಿದು ತಿರುಚಿ ನೋಡುವರು. ಅದು ಕೈಯಲ್ಲಿ ಸ್ವಲ್ಪ ಜಾರಿದರೂ ಸಾಕು, "ಏನ್ ಮಿಯಾ, ಇದು ಹಿಡಿನಾ, ಸೋಪಾ?" ಎಂದು ನನ್ನ ಮಣೆಯ ಮೇಲೆ ವಾಪಸ್ ಎಸೆಯುವರು. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮಾಂಸದಂಗಡಿಯವರು. ಅವರ ಕೈ ಒಣಗಿರುವುದೇ ಇಲ್ಲ.

ಮರಗಳ ವಿಷಯ. ಬೀಟೆ ನೋಡಲು ಚೆಂದ, ಗಟ್ಟಿ, ಆದರೆ ಅದರಲ್ಲೇ ಎಣ್ಣೆ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಅದರ ಪುಡಿ ಮೂಗಿಗೆ ಹೋದರೆ ವಾರಗಟ್ಟಲೆ ಕೆಮ್ಮು. ತೇಗ ಬಾಗಿಲಿಗೆ ಇರಲಿ, ಹಿಡಿಗೆ ಬೇಡ, ಸಿಬಿರು ಏಳುತ್ತದೆ. ಜಾಲಿ ಪರವಾಗಿಲ್ಲ. ಎಲ್ಲಕ್ಕಿಂತ ಮೇಲೆಂದರೆ ಹುಣಸೆಯ ಒಳತಿರುಳು, ಕಪ್ಪು ಕೆಂಪಗಿನ ಭಾಗ. ಮಾಂಸ ಕಡಿಯುವ ಕೊರಡನ್ನು ಅದರಲ್ಲೇ ಮಾಡುತ್ತಾರೆ, ಎಷ್ಟು ಏಟು ಬಿದ್ದರೂ ಸೀಳುವುದಿಲ್ಲ. ಹೊರಗಿನ ಬಿಳಿ ಭಾಗವನ್ನು ಮುಟ್ಟಬೇಡಿ, ಹುಳು ಬೀಳುತ್ತದೆ.

ಅದೇ ಹುಣಸೆಯಲ್ಲಿ ನಾನು ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೂ ಉಂಟು. ಹಳೇ ಮದ್ರಾಸ್ ರಸ್ತೆ ಅಗಲ ಮಾಡುವಾಗ ಒಂದು ದೊಡ್ಡ ಹುಣಸೆಮರ ಉರುಳಿಸಿದ್ದರು. ಪುಕ್ಕಟೆ ಸಿಕ್ಕಿತೆಂದು ಒಂದು ತುಂಡು ಹೊರಿಸಿಕೊಂಡು ಬಂದೆ. ಮೇಲೆ ಒಣಗಿದ ಹಾಗೆ ಕಂಡಿತು. ಬಕ್ರೀದ್‌ಗೆ ಬಂದ ಆರ್ಡರಿಗೆಲ್ಲ ಅದನ್ನೇ ಹಾಕಿದೆ. ಹಬ್ಬ ಕಳೆದು ತಿಂಗಳಾಗುವುದರಲ್ಲಿ ಒಬ್ಬೊಬ್ಬರೇ ಬರತೊಡಗಿದರು, ಒಂದು ಕೈಯಲ್ಲಿ ಅಲಗು, ಇನ್ನೊಂದು ಕೈಯಲ್ಲಿ ಹಿಡಿ. ಮರ ಒಣಗುತ್ತಾ ಕುಗ್ಗಿ ಬಿರುಕು ಬಿಟ್ಟು ಅರಗನ್ನು ಕೈಬಿಟ್ಟಿತ್ತು. ಸಾಹೇಬರು ಬೈಯಲಿಲ್ಲ. ನನ್ನನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ಬಂದವರ ಕೈಯಿಂದ ಎರಡು ತುಂಡನ್ನೂ ನಾನೇ ಇಸಿದುಕೊಳ್ಳುವ ಹಾಗೆ ಮಾಡಿದರು. ಮರ ಹಸಿಯೋ ಒಣವೋ ತಿಳಿಯಬೇಕಾದರೆ ಕೊಯ್ದ ಮೈಯನ್ನು ಕೆನ್ನೆಗೆ ಒತ್ತಿಕೊಳ್ಳಿ. ಹಸಿ ಇದ್ದರೆ ತಣ್ಣಗಿರುತ್ತದೆ. ಇದನ್ನು ನಾನು ಬಾಗಿಲಲ್ಲಿ ನಿಂತ ಆ ವಾರ ಕಲಿತೆ.

ಇನ್ನು ಕೊಂಬು. ಎಮ್ಮೆ ಕೊಂಬಿನ ತುದಿ ಒಳಗೆಲ್ಲ ಗಟ್ಟಿ. ಕಾದ ಬಾಲವನ್ನು ಒತ್ತಿದರೆ ಉಗುರು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಮಾತ್ರ ಕಬ್ಬಿಣವನ್ನು ಬಿಡುವುದೇ ಇಲ್ಲ. ಸ್ಯಾಂಡ್ ಪೇಪರ್ ಹಾಕಿ, ಬೂದಿ ಮತ್ತು ಕೊಬ್ಬರಿ ಎಣ್ಣೆಯಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ. ಕುಕ್ ಟೌನ್‌ನ ಒಂದು ಹಳೇ ಬಂಗಲೆಯಲ್ಲಿ ರಿಟೈರ್ಡ್ ಮೇಜರ್ ಒಬ್ಬರಿದ್ದರು. ಊಟದ ಮೇಜಿನ ಮೇಲೆ ಇಡುವ ದೊಡ್ಡ ಚಾಕುವಿಗೆ ಅವರು ಕೊಂಬಿನ ಹಿಡಿ ಹಾಕಿಸಿಕೊಂಡರು. ಹೊಳಪು ನೋಡಿ, ನನ್ನ ಕೈಕುಲುಕಿ, "ನೀವು ಕಲಾವಿದರು ಕಣ್ರಿ" ಎಂದರು. ಅಲ್ಲಿಯವರೆಗಿನ ಹತ್ತು ವರ್ಷದ ಕೆಲಸದಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಒಂದು ವಾರ ನಾನು ನೆಲದ ಮೇಲೆ ಇರಲಿಲ್ಲ. ಅವರಿಗೆ ಮಾಡಿ ಉಳಿದ ಇನ್ನೊಂದು ಕೊಂಬಿನ ತುದಿ ನನ್ನ ಮಣೆಯ ಪಕ್ಕದಲ್ಲೇ ಇತ್ತು.

ಅದೇ ವಾರ ಮರಗದಮ್ಮ ಬಂದರು. ಹಲಸೂರಿನ ಫುಟ್‌ಪಾತಿನಲ್ಲಿ ಹಲಸಿನ ಹಣ್ಣು ಕೊಯ್ದು ತೊಳೆ ಬಿಡಿಸಿ ಮಾರುವವರು. ಮನೆಮಾತು ತಮಿಳು. ನನ್ನನ್ನು ತಂಬಿ ಎನ್ನುತ್ತಿದ್ದರು, ನಾನು ಅಕ್ಕ ಎನ್ನುತ್ತಿದ್ದೆ. ಹಿಡಿ ಸವೆದುಹೋಗಿದ್ದ ಉದ್ದದ ಚಾಕುವನ್ನು ಮುಂದಿಟ್ಟು ಹೇಳಿದರು: "ತಂಬಿ, ಸೀಸನ್ ಬಂದ್ಬಿಡ್ತು. ಇದಕ್ಕೆ ಒಂದು ಒಳ್ಳೇ ಗಟ್ಟಿ ಕೊಂಬಾ ನೋಡಿ ಹಾಕ್ಕೊಡು. ಪಾಲಿಶ್ ಗೀಲಿಶ್ ಎಲ್ಲಾ ವೇಂಡಾ."

ಗಟ್ಟಿ ಕೊಂಬು. ನನ್ನ ಕಣ್ಣು ಪಕ್ಕಕ್ಕೆ ಹೋಯಿತು, ಅಲ್ಲೇ ಇತ್ತು. ಪಾಲಿಶ್ ಬೇಡ ಎಂದದ್ದನ್ನು ನಾನು ಕಾಸು ಉಳಿಸುವ ಮಾತು ಎಂದುಕೊಂಡೆ. ಪಾಲಿಶ್ ಇಲ್ಲದ ಕೊಂಬು ಸತ್ತ ಉಗುರಿನ ಹಾಗೆ ಕಾಣುತ್ತದೆ. ಪಾಪ, ಬಡವಿ, ನನ್ನ ಕಡೆಯಿಂದ ಇರಲಿ ಎಂದು ಎರಡು ದಿನ ಕೂತು ಬಿಟ್ಟಿಯಾಗಿ ಉಜ್ಜಿದೆ. ಮೇಜರ್ ಚಾಕುವಿಗಿಂತ ಒಂದು ಕೈ ಹೆಚ್ಚಾಗಿಯೇ ಹೊಳೆಯಿತು. ಅವರು ಇಸಿದುಕೊಳ್ಳಲು ಬಂದದ್ದು ಶುಕ್ರವಾರ ಮಧ್ಯಾಹ್ನ. ಸಾಹೇಬರು ನಮಾಜಿಗೆ ಹೋಗಿದ್ದರು. ಬಕೆಟ್ಟಿಗೆ ಕೈ ಅದ್ದುವವರು ಯಾರೂ ಇರಲಿಲ್ಲ, ಅದ್ದಬೇಕೆಂದು ನನಗೂ ಅನ್ನಿಸಲಿಲ್ಲ. ಮರಗದಮ್ಮ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಏನ್ ತಂಬಿ ಇದು, ಮದುವೆ ಚಾಕು ಥರ ಮಾಡಿದ್ದೀಯ?" ಎಂದರು. ನಾನು ಹೊಗಳಿದರು ಎಂದುಕೊಂಡೆ. ಅವರ ಹತ್ತಿರ ಇದ್ದದ್ದು ಅದೊಂದೇ ಚಾಕು, ಸೀಸನ್ ಶುರುವಾಗಿತ್ತು, ಅವರು ತೆಗೆದುಕೊಂಡು ಹೋದರು.

ಒಂದೂವರೆ ತಿಂಗಳ ಮೇಲೆ ಮತ್ತೆ ಬಂದರು. ಬಲಗೈಗೆ ಹಳೇ ಸೀರೆಯ ತುಂಡು ಸುತ್ತಿಕೊಂಡಿದ್ದರು. ಎಡಗೈಯಲ್ಲಿ ಪೇಪರ್ ಸುತ್ತಿದ ಚಾಕು, ಕಂಕುಳಲ್ಲಿ ಒಂದು ಕಟ್ಟಿಗೆ. ಕಟ್ಟಿಗೆಯನ್ನು ನನ್ನ ಮಣೆಯ ಮೇಲಿಟ್ಟರು. ಹುಣಸೆಮರದ ಕೊಂಬೆ.

"ಕೊಂಬು ಅಂದ್ರೆ ಇದು ತಂಬಿ" ಎಂದರು. ದನಿ ಏರಿಸಲಿಲ್ಲ. "ನಾನು ಇದನ್ನ ಕೇಳಿದ್ದು. ನೀನು ಎಮ್ಮೆ ಕೊಂಬು ಹಾಕ್ಬಿಟ್ಟೆ."

ಹಿಂದೆ ಕೂತಿದ್ದ ಸಾಹೇಬರು ಎದ್ದು ಬಂದರು. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವರು, ತಮಿಳು ನೀರು ಕುಡಿದ ಹಾಗೆ. ಚಾಕು ನೋಡಿದರು, ಕೊಂಬೆ ನೋಡಿದರು, ಅವರಿಗೆ ಅಷ್ಟರಲ್ಲೇ ಅರ್ಥವಾಯಿತು. "ಅವರ ಭಾಷೇಲಿ ಕೊಂಬೆಗೂ ಕೊಂಬು ಅಂತಾರೆ ಕಣೋ" ಎಂದರು. "ಹತ್ತು ವರ್ಷ ಆಯ್ತು ಈ ಗಲ್ಲೀಲಿ. ಯಾವ ಕೊಂಬಮ್ಮಾ ಅಂತ ಒಂದ್ ಮಾತು ಕೇಳಕ್ಕಾಗ್ಲಿಲ್ವಾ ನಿನಗೆ?"

ಮರಗದಮ್ಮ ಬಟ್ಟೆ ಬಿಚ್ಚಿ ಕೈ ತೋರಿಸಿದರು. ಹಣ್ಣಿಗೆ ಚಾಕು ಇಳಿಸಿ ತಿರುಚುವಾಗ ಹಿಡಿ ಜಾರಿ, ಕೈ ಮುಂದಕ್ಕೆ ಸರಿದು ಅಲಗಿನ ಮೇಲೆ ಹೋಗಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದರು, ಗಾಯ ಮಾಗಿತ್ತು. ಆದರೆ ತೋರುಬೆರಳು, ನಡುಬೆರಳು ಎರಡೂ ಮಡಚುತ್ತಿರಲಿಲ್ಲ. ಒಳಗಿನ ನರ ಹೋಗಿದೆ, ಇನ್ನು ಇಷ್ಟೇ ಎಂದು ಡಾಕ್ಟರ್ ಹೇಳಿದ್ದರಂತೆ. ನನಗೆ ಅಲ್ಲೇ ನೆಲಕ್ಕೆ ಇಳಿದುಹೋದರೆ ಸಾಕು ಎನ್ನಿಸಿತು. ನಾಚಿಕೆಗಿಂತ ಭಯ ಹೆಚ್ಚಾಗಿತ್ತು.

ಮಾರನೆಯ ದಿನ ಸಾಹೇಬರು ನನ್ನನ್ನು ಹಲಸೂರಿಗೆ ಕಳಿಸಿದರು. "ಕೆಲಸ ಏನೂ ಮಾಡ್ಬೇಡ. ಕೂತ್ಕೊಂಡು ನೋಡು, ಅಷ್ಟೇ" ಎಂದರು. ಹೋದೆ. ಮರಗದಮ್ಮ ತಮ್ಮ ಜಾಗ ಕಾಯಲು ಒಂದು ಗೋಣಿ ಹಾಸಿ ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಒಬ್ಬ ಮುದುಕ ಹಲಸು ಕೊಯ್ಯುತ್ತಿದ್ದ. ಪ್ರತಿ ಹಣ್ಣಿಗೂ ಮುಂಚೆ ಒಂದು ಡಬ್ಬಿಯಿಂದ ಕೊಬ್ಬರಿ ಎಣ್ಣೆ ಸುರಿದು ಎರಡೂ ಕೈಗೆ, ಅಲಗಿಗೆ, ಹಿಡಿಗೆ ಎಲ್ಲಕ್ಕೂ ಬಳಿಯುತ್ತಿದ್ದ. ಹಲಸಿನ ಮೇಣ ಕೈಗೆ ಅಂಟಿದರೆ ಸೋಪಿಗೆ ಹೋಗುವುದಿಲ್ಲ, ಅದಕ್ಕೆ ಎಣ್ಣೆ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಾರೆ. ಉಜ್ಜುತ್ತಾ ಕೂತ ಎರಡು ದಿನದಲ್ಲಿ ಒಂದು ಸಲವೂ ಅದು ನೆನಪಾಗಲಿಲ್ಲ, ಅಷ್ಟೇ.

"ಅಕ್ಕ, ಮುಂದೆ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಈ ಸೀಸನ್ ಹೋಯ್ತು, ಹೋಗ್ಲಿ. ಮುಂದಿನ ಸೀಸನ್‌ಗೂ ಕೊಯ್ಲಿಲ್ಲಾಂದ್ರೆ ಈ ಜಾಗ ಹೋಯ್ತು ತಂಬಿ. ಲಾರಿಯವನು ಕೊಯ್ಯೋ ಕೈ ನೋಡಿ ಹಣ್ಣು ಇಳಿಸ್ತಾನೆ. ನಿಂಬೆಹಣ್ಣು ಮಾರೋಳಿಗೆ ಇಲ್ಲಿ ಯಾರು ಜಾಗ ಬಿಡ್ತಾರೆ?"

ಅಂದರೆ ಅವರ ಕೈಗೆ ಒಗ್ಗುವ ಹಿಡಿ ಮಾಡಲು ನನಗೆ ಹತ್ತು ತಿಂಗಳಿತ್ತು.

ಇಲ್ಲಿ ಸ್ವಲ್ಪ ಈಗಿನ ಕಾಲಕ್ಕೆ ಬರುತ್ತೇನೆ. ನನ್ನ ಕೊನೆಯ ವರ್ಷಗಳಲ್ಲಿ ಇಂದಿರಾನಗರದ ಹೋಟೆಲುಗಳಿಂದ ಶೆಫ್‌ಗಳು ಬರುತ್ತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿ, ನೀಲಿ ಬಣ್ಣದ ರೆಸಿನ್ ಅಂಟು ತುಂಬಿದ ಮರ ಬೇಕು, ಸಮುದ್ರದ ಅಲೆಯ ಹಾಗೆ ಕಾಣಬೇಕು ಎನ್ನುವರು. ಮಾಡಿಕೊಟ್ಟಿದ್ದೇನೆ, ಚೆನ್ನಾಗಿಯೇ ಇರುತ್ತದೆ, ನೀರು ಕುಡಿಯುವುದಿಲ್ಲ. ಆದರೆ ಒಪ್ಪಿಕೊಳ್ಳುವ ಮುಂಚೆ ಅವರನ್ನು ಸಿಂಕಿನ ಹತ್ತಿರ ಕರೆದು, "ಕೆಲಸದಲ್ಲಿ ಕೈಗೆ ಏನ್ ಅಂಟಿರುತ್ತೆ ಸಾರ್, ನೀರಾ, ಬೆಣ್ಣೆನಾ, ಹಿಟ್ಟಾ?" ಎಂದು ಕೇಳಿ, ಅದನ್ನೇ ಬಳಿದು ಹಳೇ ಹಿಡಿಗಳನ್ನು ಹಿಡಿಸಿ ನೋಡುತ್ತಿದ್ದೆ. ಕೆಲವರು ನಕ್ಕರು. ಒಬ್ಬರು ವಿಡಿಯೋ ಮಾಡಿ ಹಾಕಿದರು. ಹಾಕಲಿ. ಅದನ್ನು ಕಲಿತದ್ದು ಎಲ್ಲಿ ಎಂದು ಅವರಿಗೆ ಹೇಳಲಿಲ್ಲ.

ಮರಗದಮ್ಮನಿಗೆ ನಾನು ಮಾಡಿದ ಮೊದಲ ಹಿಡಿ ದಪ್ಪ. ಮಡಚದ ಬೆರಳಿಗೆ ದಪ್ಪ ಹಿಡಿ ಸುಲಭ ಎಂದು ನಾನೇ ತೀರ್ಮಾನ ಮಾಡಿದ್ದೆ. ಅವರ ಉಳಿದ ಎರಡು ಬೆರಳು ಅದನ್ನು ಸುತ್ತಲಾರದೇ ಹೋದವು. ಎರಡನೆಯದಕ್ಕೆ ನೈಲಾನ್ ದಾರ ಬಿಗಿಯಾಗಿ ಸುತ್ತಿದೆ, ಜಾರುವ ಮಾತೇ ಇಲ್ಲ. ಆದರೆ ಹಣ್ಣಿನೊಳಗೆ ಚಾಕು ತಿರುಗಿಸುವಾಗ ಹಿಡಿ ಅಂಗೈಯಲ್ಲಿ ಸ್ವಲ್ಪ ಹೊರಳಬೇಕು. ದಾರ ಮೇಣ ಕುಡಿದು ಅಂಗೈಯನ್ನು ಕಚ್ಚಿಕೊಂಡಿತು. ಪಕ್ಕದ ಮುದುಕನ ಹಣ್ಣಿನ ಮೇಲೆ ಒಂದು ಸಲ ಪರೀಕ್ಷೆ ಮಾಡಿ ಅವರು ಅದನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಬೈದಿದ್ದರೆ ವಾಸಿಯಾಗಿತ್ತು.

ಗಣೇಶನ ಹಬ್ಬದ ಸಮಯ ಬಂತು. ಕುಂಬಾರರ ಬೀದಿಯಲ್ಲಿ ಜೇಡಿಮಣ್ಣು ರಾಶಿ ಬಿದ್ದಿತ್ತು. ಒಂದು ಮುದ್ದೆ ಕೇಳಿ ತಂದು, ಚಾಕುವಿನಷ್ಟೇ ಉದ್ದದ ಕೋಲಿಗೆ ಮೆತ್ತಿ, ಹಲಸೂರಿಗೆ ಹೋದೆ. "ಅಕ್ಕ, ಕೈಗೆ ಎಣ್ಣೆ ಹಚ್ಕೊಂಡು ಹಣ್ಣು ಕೊಯ್ಯೋ ಥರ ಹಿಡೀರಿ" ಎಂದೆ. ಹಿಡಿದರು. ಕೈ ತೆಗೆದ ಮೇಲೆ ಮಣ್ಣಿನ ಮೇಲೆ ಎಲ್ಲ ಬರೆದ ಹಾಗೆ ಇತ್ತು. ಆ ಎರಡು ಬೆರಳು ಹಿಡಿಯನ್ನು ಸುತ್ತಿರಲಿಲ್ಲ. ಮೇಲ್ಭಾಗದಲ್ಲಿ ಅಲಗಿನ ಬೆನ್ನಿನ ಕಡೆಗೆ ನೇರವಾಗಿ ಚಾಚಿಕೊಂಡಿದ್ದವು. ಹಿಡಿತ ಎಲ್ಲಾ ಉಂಗುರಬೆರಳು, ಕಿರುಬೆರಳು ಮತ್ತು ಹೆಬ್ಬೆರಳಿನದು. ನಾನು ಇಷ್ಟು ದಿನ ಕೆಲಸ ಮಾಡದ ಬೆರಳಿಗೆ ಹಿಡಿ ಮಾಡುತ್ತಿದ್ದೆ. ಮಾಡುವ ಬೆರಳನ್ನು ನೋಡಿಯೇ ಇರಲಿಲ್ಲ.

ಹಾಗೆ ಹಿಡಿಯಬೇಕಾದರೆ ಬಾಲದ ಹಿಡಿ ಸಾಲದು, ತಿರುಚುವ ಬಲವೆಲ್ಲ ಹಿಂತುದಿಯಲ್ಲಿ ಬೀಳುತ್ತದೆ. ಅಲಗು ಹಿಡಿಯ ಕೊನೆಯವರೆಗೂ ಪೂರ್ತಿ ಅಗಲದಲ್ಲಿ ಬರಬೇಕು, ಎರಡು ಪಕ್ಕಕ್ಕೆ ಎರಡು ಮರದ ಪಟ್ಟಿ, ನಡುವೆ ರಿವಿಟ್. ಈಗ ಎಲ್ಲರೂ ಮಾಡುವುದು ಅದನ್ನೇ. ನಮ್ಮ ಅಂಗಡಿಯಲ್ಲಿ ಅದುವರೆಗೂ ಮಾಡಿರಲಿಲ್ಲ. "ಕಬ್ಬಿಣ ಜಾಸ್ತಿ, ಭಾರ ಆಗುತ್ತೆ" ಎಂದು ಸಾಹೇಬರು ತಲೆ ಆಡಿಸಿದರು. ನಾನು ಮಣ್ಣಿನ ಮುದ್ದೆ ಮುಂದಿಟ್ಟೆ. ಅದರ ಮೇಲೆ ತಮ್ಮ ಬೆರಳು ಇಟ್ಟು, ಎರಡು ಬೆರಳನ್ನು ನೆಟ್ಟಗೆ ಚಾಚಿ, ಉಳಿದ ಬೆರಳಿಂದ ತಿರುಚಿ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಹೊಸ ಅಲಗು ಬಡಿಯಲು ಹೇಳಿದರು.

ಪಟ್ಟಿಗೆ ಮರಗದಮ್ಮ ತಂದ ಕೊಂಬೆಯೇ ಆಗಬಹುದೆಂದು ಆಸೆ ಇತ್ತು, ಆದರೆ ಅದರಲ್ಲಿ ತಿರುಳು ಕಿರುಬೆರಳಷ್ಟು ಮಾತ್ರ. ಕೆನ್ನೆಗೆ ಒತ್ತಿ ನೋಡಿ ಚೆನ್ನಾಗಿ ಒಣಗಿದ ಹಳೇ ಹುಣಸೆಯನ್ನೇ ಆರಿಸಿದೆ. ಮೇಲ್ಭಾಗವನ್ನು ಎರಡು ಬೆರಳು ಮಲಗುವಷ್ಟು ಚಪ್ಪಟೆ ಮಾಡಿದೆ. ಕೆಳಗೆ ಹಿಂಭಾಗದಲ್ಲಿ ಒಂದು ಉಬ್ಬು, ಮುಂದೆ ಕೈ ಸರಿಯದ ಹಾಗೆ ಒಂದು ದಿಣ್ಣೆ. ಮೂರು ಹಿತ್ತಾಳೆ ರಿವಿಟ್. ಪಟ್ಟಿಯ ತೂತನ್ನು ರಿವಿಟ್ಟಿಗಿಂತ ಒಂದು ಕೂದಲಷ್ಟು ಸಡಿಲ ಇಡಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಮರ ಕುಗ್ಗಿದಾಗ ರಿವಿಟ್ಟೇ ಅದನ್ನು ಸೀಳುತ್ತದೆ. ಕೊನೆಗೆ ಒರಟು ಅರದ ಗೀರುಗಳನ್ನು ಅಡ್ಡಡ್ಡಕ್ಕೆ ಹಾಗೆಯೇ ಉಳಿಸಿದೆ. ಕೈ ಚಪಲಕ್ಕೆ ಸ್ಯಾಂಡ್ ಪೇಪರ್ ಎರಡು ಸಲ ತೆಗೆದುಕೊಂಡು ಎರಡು ಸಲವೂ ಕೆಳಗಿಟ್ಟೆ. ಸಾಹೇಬರು ಈ ಸಲ ಬಕೆಟ್ಟಿಗೆ ಹೋಗದೆ, ಮನೆಯಿಂದ ಎಣ್ಣೆ ಬಾಟಲಿ ತರಿಸಿದರು.

ಶಿವರಾತ್ರಿ ಕಳೆದ ಮೇಲೆ ಮೊದಲ ಹಣ್ಣಿನ ಲಾರಿ ಬಂದ ದಿನ ಚಾಕು ತೆಗೆದುಕೊಂಡು ಹೋದೆ. ಮರಗದಮ್ಮ ಗೋಣಿ ಹಾಸಿ ಕೂತಿದ್ದರು. ಮುಂದೆ ಒಂದೇ ಹಣ್ಣು, ಲಾರಿಯವನು ನೋಡೋಣ ಎಂದು ಕೊಟ್ಟದ್ದು. ಅವನು ಲಾರಿಗೆ ಒರಗಿಕೊಂಡು ಈ ಕಡೆಯೇ ನೋಡುತ್ತಿದ್ದ. ಚಾಕು ಕೊಡಲು ಹೋದೆ, ಅವರು ಇಸಿದುಕೊಳ್ಳಲಿಲ್ಲ.

"ಕೈ ನೀಡು" ಎಂದರು. ನೀಡಿದೆ. ನನ್ನ ಎರಡೂ ಅಂಗೈಗೆ ಡಬ್ಬಿಯಿಂದ ಎಣ್ಣೆ ಸುರಿದರು. "ಮೊದ್ಲು ನೀನು ಕೊಯ್ಯಿ."

ಹತ್ತು ವರ್ಷ ಹಿಡಿ ಹಾಕಿದ್ದೆ. ನಾನು ಮಾಡಿದ ಚಾಕುವಿನಲ್ಲಿ, ಅದನ್ನು ಬಳಸುವವರ ಜಾಗದಲ್ಲಿ ಕೂತು, ಅವರ ಕೆಲಸವನ್ನು ಒಂದು ಸಲವೂ ಮಾಡಿರಲಿಲ್ಲ. ಚಾಕು ಇಳಿಸಿದೆ. ಹಣ್ಣಿನೊಳಗೆ ಅದು ಸಿಕ್ಕಿಕೊಂಡು, ತಿರುಚಿದಾಗ ಅಂಗೈ ಮುಂದಕ್ಕೆ ಜರುಗಲು ಹೊರಟಿತು. ದಿಣ್ಣೆ ತಡೆಯಿತು. ಅರ್ಧದವರೆಗೆ ಕೊಯ್ದೆ, ಬೆವರಿದೆ.

"ಸಾಕು ಕೊಡು" ಎಂದು ಅವರೇ ಇಸಿದುಕೊಂಡರು. ಎಣ್ಣೆ ಬಳಿದುಕೊಂಡು, ಬಲಗೈಯಲ್ಲಿ ಹಿಡಿದು, ಮೊಣಕಾಲ ನಡುವೆ ಹಣ್ಣು ಅಮುಕಿ, ಚಾಕು ಇಳಿಸಿದರು. ನಾನು ರಸ್ತೆಯ ಕಡೆಗೆ ತಿರುಗಿದೆ.

"ಆ ಕಡೆ ಏನಿದೆ ತಂಬಿ? ಇಲ್ಲಿ ನೋಡು. ಕೈ ನೋಡು."

ನೋಡಿದೆ. ಎರಡು ಬೆರಳು ಹಿಡಿಯ ಮೇಲೆ ನೆಟ್ಟಗೆ ಮಲಗಿದ್ದವು, ಅಲುಗುತ್ತಿರಲಿಲ್ಲ. ಉಳಿದವು ಕೆಲಸ ಮಾಡುತ್ತಿದ್ದವು. ಹಣ್ಣು ಎರಡು ಹೋಳಾಗಿ ಗೋಣಿಯ ಮೇಲೆ ಬಿತ್ತು. ಮರಗದಮ್ಮ ತಲೆ ಎತ್ತಿ ಲಾರಿಯ ಕಡೆ ಕೂಗಿದರು: "ಏನಪ್ಪಾ ನೋಡ್ತಾ ನಿಂತ್ಬಿಟ್ಟೆ? ನನ್ನ ಹಣ್ಣು ಇಳಿಸು!"